ಬಿಸಿಲು ಕಾಣದ ಗಿಡ

ಹೋದ ಮಾರ್ಚಿನಲ್ಲಿ ಎರಡು ದಿನದ ಕೆಲಸದ ಮೇಲೆ ಜಪಾನಿನ ಫುಕುವೋಕಾಕ್ಕೆ ಹೋಗಿದ್ದೆ. ನಾನು ನಾಲ್ಕು ವರ್ಷ ದುಡಿದ ಪ್ರಯೋಗಾಲಯ ಅಲ್ಲಿದೆ. ಅದರ ನೆಲಮಹಡಿಯ ಕೊನೆಯ ಕೋಣೆಯಲ್ಲಿ ಕಲ್ಲು ಕೊಯ್ಯುವ ಯಂತ್ರ. ಬಾಗಿಲು ತೆಗೆದಾಗ ಯಾರೋ ಹೊಸ ವಿದ್ಯಾರ್ಥಿನಿ ಒಂದು ಸುಣ್ಣಕಲ್ಲನ್ನು ಅಲಗಿಗೆ ಕೊಟ್ಟಿದ್ದಳು. ತಿರುಗುವ ಅಲಗಿನ ಮೇಲೆ ನೀರು ಸುರಿಯುತ್ತಿತ್ತು, ಬೂದು ಬಣ್ಣದ ರಾಡಿ ಕೆಳಗಿನ ತಟ್ಟೆಗೆ ಇಳಿಯುತ್ತಿತ್ತು. ಆ ವಾಸನೆಗೆ ಹೆಸರಿಲ್ಲ. ತೊಯ್ದ ಗೋಡೆಯದೂ ಅಲ್ಲ, ಸುಣ್ಣದ್ದೂ ಅಲ್ಲ. ನನ್ನ ಮಟ್ಟಿಗೆ ಅದು ಕಲ್ಲಿನ ಖಣಿಯಿಂದ ಬಂದ ಅಪ್ಪ ಬಾಗಿಲ ಹೊರಗೆ ಕಳಚಿ ಹಾಕುತ್ತಿದ್ದ ಅಂಗಿಯ ವಾಸನೆ. ನಾನು ಚೌಕಟ್ಟು ಹಿಡಿದು ನಿಂತದ್ದನ್ನು ನೋಡಿ ಆ ಹುಡುಗಿ ಯಂತ್ರ ನಿಲ್ಲಿಸಿ, ಆರಾಮಿದ್ದೀರಾ ಎಂದು ಕೇಳಿದಳು. ಸುಮಿಮಾಸೆನ್, ಕ್ಷಮಿಸಿ, ಎಂದು ಹೇಳಿ ಹೊರಗೆ ಬಂದೆ.

ಕೊರೋನಾದ ಎರಡನೆಯ ವರ್ಷ, ಚಳಿ ಮುಗಿಯುವ ಹೊತ್ತಿನಿಂದ ಮಳೆ ಹಿಡಿಯುವವರೆಗೆ, ಇದೇ ಊರಿನಲ್ಲಿ ನಾನು ಒಂದು ಕಾಗದ ಬರೆಯಲಾಗದೆ ಕೂತಿದ್ದೆ.

ನಮ್ಮ ಮನೆತನದಲ್ಲಿ ಹತ್ತನೆಯ ತರಗತಿ ದಾಟಿದ ಮೊದಲನೆಯವಳು ನಾನು. ಇದನ್ನು ಸಂಕೋಚವಿಲ್ಲದೆ ಹೇಳುತ್ತೇನೆ, ಯಾಕೆಂದರೆ ಪುಕ್ಕಟೆ ಸಿಕ್ಕದ್ದಲ್ಲ. ಅಪ್ಪ ಶಹಾಬಾದಿನ ಖಣಿಯಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಎಬ್ಬಿಸುತ್ತಿದ್ದ. ಕರ್ನಾಟಕದ ಯಾವುದಾದರೂ ಹಳೆಯ ಸರ್ಕಾರಿ ಶಾಲೆಯಲ್ಲಿ ಓದಿದ್ದರೆ ನೀವು ಆ ಕಲ್ಲಿನ ಮೇಲೆ ಕೂತಿರುತ್ತೀರಿ. ನೆಲದೊಳಗೆ ಅದು ಪದರು ಪದರಾಗಿ ಮಲಗಿರುತ್ತದೆ. ಸಂದಿಗೆ ಉಳಿ ಇಟ್ಟು ಸರಿಯಾದ ಜಾಗಕ್ಕೆ ಹೊಡೆದರೆ ಹಾಳೆಯಂತೆ ಏಳುತ್ತದೆ, ತಪ್ಪಿದರೆ ಚೂರು. ಅಪ್ಪನ ಕೈಯಲ್ಲಿ ಚೂರಾದದ್ದು ಕಡಿಮೆ. ಓದು ಕಲಿತದ್ದು ಮೀಸೆ ಬಂದ ಮೇಲೆ, ನಮ್ಮ ಓಣಿಯ ದೇವಾಲಯದಲ್ಲಿ (ಚರ್ಚಿಗೆ ನಾವು ಹಾಗೇ ಅನ್ನುವುದು), ಬೈಬಲ್ಲಿನ ಸಾಲಿನ ಕೆಳಗೆ ಬೆರಳಿಟ್ಟು. ಅವನು ಓದಿದ ಪುಸ್ತಕ ಅದೊಂದೇ, ಹಾಗಾಗಿ ಗಟ್ಟಿಯಾಗಿ ಓದಿದ್ದ. ಪಾಸ್ಟರ್ ಬಾರದ ಭಾನುವಾರ ಅಪ್ಪನೇ ಪೀಠ ಹತ್ತಿ ಪ್ರಸಂಗ, ಅಂದರೆ ಉಪದೇಶ, ಮಾಡುತ್ತಿದ್ದ. ಕಾಲೇಜಿನಲ್ಲಿ ನನಗೆ ಭೂವಿಜ್ಞಾನ ಸಿಕ್ಕದ್ದು ಅದರಲ್ಲಿ ಮಾತ್ರ ಜಾಗ ಉಳಿದಿತ್ತು ಎಂಬ ಕಾರಣಕ್ಕೆ. ಅಪ್ಪ ಮಾತ್ರ ಊರೆಲ್ಲ ಬೇರೆ ಹೇಳಿಕೊಂಡು ಬಂದ: "ನಾ ಕಲ್ಲು ಒಡದೆ. ನನ್ ಮಗಳು ಕಲ್ಲು ಓದ್ಲತ್ತಾಳ."

ನಾನು ಎಂಟೋ ಒಂಬತ್ತೋ ವರ್ಷದವಳಿದ್ದಾಗ ಖಣಿಯಲ್ಲಿ ಅಪ್ಪ ಎಬ್ಬಿಸಿದ ಒಂದು ಫರಸಿಯ ಮೈಮೇಲೆ ಗಿಡವೊಂದು ಕಂಡಿತು. ಕಪ್ಪು ಬಣ್ಣದ್ದು. ಕಾಂಡ, ಕಾಂಡಕ್ಕೆ ಕೊಂಬೆ, ಕೊಂಬೆಗೆ ಎಳೆ ಎಳೆಯಾದ ಎಲೆ, ಯಾರೋ ಕೂದಲಿನ ಕುಂಚದಲ್ಲಿ ಬರೆದ ಹಾಗೆ. ಖಣಿ ಗುತ್ತಿಗೆ ಹಿಡಿದ ಠೇಕೇದಾರನನ್ನು ಕೇಳಿ ಅಪ್ಪ ಅದನ್ನು ತಲೆಯ ಮೇಲೆ ಹೊತ್ತು ತಂದು ದೇವಾಲಯದಲ್ಲಿ ಪೀಠದ ಪಕ್ಕದ ಗೋಡೆಗೆ ಕೂರಿಸಿದ. ಮುಂದೆ ಪ್ರತಿವರ್ಷ ಸುಗ್ಗಿ ಹಬ್ಬದ ಆರಾಧನೆಯಲ್ಲಿ, ಜೋಳದ ತೆನೆ ಬದನೆಕಾಯಿ ಕುಂಬಳಕಾಯಿ ತಂದು ಪೀಠದ ಮುಂದೆ ಇಟ್ಟಾಗ, ಅದನ್ನು ತೋರಿಸಿ ಅಪ್ಪ ಒಂದೇ ಪ್ರಸಂಗ ಮಾಡುತ್ತಿದ್ದ. ಬೈಬಲ್ಲಿನ ಮೊದಲ ಪುಸ್ತಕವಾದ ಆದಿಕಾಂಡದ ಲೆಕ್ಕದಲ್ಲಿ ದೇವರು ಗಿಡಮರಗಳನ್ನು ಹುಟ್ಟಿಸಿದ್ದು ಮೂರನೆಯ ದಿನ, ಸೂರ್ಯನನ್ನು ಇಟ್ಟದ್ದು ನಾಲ್ಕನೆಯ ದಿನ. "ಹಂಗಾದ್ರ ಮೊದಲಿನ ಗಿಡ ಬಿಸಿಲು ಕಂಡಿಲ್ಲ. ಬಿಸಿಲು ಕಾಣದ ಗಿಡ ಹಸಿರು ಹ್ಯಾಂಗ ಇದ್ದೀತು? ಅದಕ್ಕಾ ನೋಡ್ರಿ, ಇದು ಕರ್ರಗ ಅದ." ಸಭೆ ಸ್ತೋತ್ರ ಎನ್ನುತ್ತಿತ್ತು. ನನಗೆ ಮೈ ಜುಮ್ಮೆನ್ನುತ್ತಿತ್ತು. ಲೋಕದಲ್ಲಿ ಇನ್ನಾರಿಗೂ ಹೊಳೆಯದ್ದು ನಮ್ಮಪ್ಪನಿಗೆ ಹೊಳೆದಿತ್ತು.

ಎಂ.ಎಸ್ಸಿ. ಓದುವಾಗ ಪ್ರಾಯೋಗಿಕ ತರಗತಿಯಲ್ಲಿ ನಮ್ಮ ಮೇಷ್ಟ್ರು ಅಂಥದೇ ಕಲ್ಲೊಂದನ್ನು ಮೇಜಿನ ಮೇಲಿಟ್ಟರು. "ಇದೇನು ಹೇಳಿ?" ನಾನು ಕೈ ಎತ್ತಿ, ಗಿಡ ಎಂದೆ. "ಎಲ್ಲರೂ ಹಾಗೇ ಮೋಸ ಹೋಗ್ತಾರೆ," ಎಂದು ಅವರು ನಕ್ಕರು. ಗಿಡವಲ್ಲ, ಗಿಡದ ಗುರುತೂ ಅಲ್ಲ. ಕಲ್ಲಿನ ಸಂದಿಯಲ್ಲಿ ನೀರು ಜಿನುಗುವಾಗ ಅದರಲ್ಲಿ ಕರಗಿದ ಮ್ಯಾಂಗನೀಸು ಅಲ್ಲಲ್ಲಿ ಅಂಟಿಕೊಳ್ಳುತ್ತ ಹೋಗಿ ತಾನಾಗಿ ಆ ಆಕಾರ ತಳೆಯುತ್ತದೆ. ಅಷ್ಟೇ, ಒಂದು ಕಲೆ. ನಮ್ಮೂರ ಕಲ್ಲು ಕೂಡಿದ ಕಾಲದಲ್ಲಿ ಭೂಮಿಯ ಮೇಲೆ ಎಲೆಯುಳ್ಳ ಗಿಡ ಎಂಬುದೇ ಇನ್ನೂ ಇರಲಿಲ್ಲ. ತರಗತಿ ನಕ್ಕಿತು, ನಾನೂ ನಕ್ಕೆ. ಆ ಸಲ ರಜೆಗೆ ಊರಿಗೆ ಹೋದಾಗ ಹೇಳಬೇಕೆಂದು ಹೋದವಳು ಹೇಳಲಿಲ್ಲ. ಆಮೇಲೆ ಹನ್ನೆರಡು ವರ್ಷ ಹೇಳಲಿಲ್ಲ.

ಫುಕುವೋಕಾದಲ್ಲಿ ನನ್ನ ಕೆಲಸವೇ ಕಲ್ಲಿನ ವಯಸ್ಸು ಹೇಳುವುದು. ಕಲ್ಲನ್ನು ಪುಡಿಮಾಡಿ ಅದರಿಂದ ಮರಳಿಗಿಂತ ಸಣ್ಣ ಹರಳುಗಳನ್ನು ಹೆಕ್ಕುತ್ತೇವೆ. ಆ ಹರಳಿನೊಳಗೆ ಒಂದು ಧಾತು ತೀರ ನಿಧಾನವಾಗಿ ಇನ್ನೊಂದು ಧಾತುವಾಗುತ್ತಿರುತ್ತದೆ. ಎಷ್ಟು ಬದಲಾಗಿದೆ ಎಂದು ಅಳೆದರೆ ಹುಟ್ಟಿ ಎಷ್ಟು ಕಾಲವಾಯಿತೆಂದು ತಿಳಿಯುತ್ತದೆ. ಆ ವರ್ಷ ಪ್ರಯೋಗಾಲಯಕ್ಕೆ ಒಂದು ಸಲಕ್ಕೆ ಇಬ್ಬರಿಗಷ್ಟೇ ಪ್ರವೇಶ. ಪಾಳಿ ಹಚ್ಚಿದ್ದರು. ಬಾಗಿಲಲ್ಲಿ ಜ್ವರ ನೋಡಿ, ಕೈಗೆ ಔಷಧಿ ಹಚ್ಚಿಕೊಂಡು, ಎರಡು ಮಾಸ್ಕ್ ಹಾಕಿಕೊಂಡು ಒಳಗೆ ಹೋಗಬೇಕು. ಪಾಳಿ ಇಲ್ಲದ ದಿನ ಒಂದೇ ಕೋಣೆಯ ಮನೆಯಲ್ಲಿ ಲೆಕ್ಕ ಬರೆಯುತ್ತ ಕೂರುವುದು, ಸಂಜೆ ಕೊಂಬಿನಿ ಎಂಬ ಮೂಲೆಯಂಗಡಿಗೆ ಹೋಗಿ ಹಾಲು ತರುವುದು. ಮಾರ್ಚ್ ಕೊನೆಗೆ ಚೀನಾದ ಕಡೆಯಿಂದ ಹಳದಿ ಧೂಳು ಬಂದು ಊರಿನ ಮೇಲೆ ಕೂತಿತು. ಒಗೆದು ಹಾಕಿದ ಬಟ್ಟೆಯೆಲ್ಲ ಮಾಸಲು. ಒಂದು ದಿನ ಸಮುದ್ರವೇ ಕಾಣಲಿಲ್ಲ.

ಊರಿನಲ್ಲಿ ದೇವಾಲಯಕ್ಕೆ ಮೊದಲ ವರ್ಷ ಬಿದ್ದ ಬೀಗವನ್ನು ಇನ್ನೂ ತೆಗೆದಿರಲಿಲ್ಲ. ಭಾನುವಾರದ ಆರಾಧನೆ ಫೋನಿನಲ್ಲಿ ನಡೆಯುತ್ತಿತ್ತು. ಇಪ್ಪತ್ತು ಮನೆಯವರು ಒಂದೇ ಕರೆಗೆ ಸೇರುತ್ತಿದ್ದರು, ಜತೆಗೆ ಇಪ್ಪತ್ತು ಮನೆಯ ಕುಕ್ಕರಿನ ಸೀಟಿ, ಜಗಳ, ಕೋಳಿ. ನಾನೂ ಫುಕುವೋಕಾದಿಂದ ಸೇರಿಕೊಳ್ಳುತ್ತಿದ್ದೆ. ಊರಿನ ಬೆಳಗಿನ ಹತ್ತು ಗಂಟೆ ನನಗೆ ಮಧ್ಯಾಹ್ನ ಒಂದೂವರೆ. ಅದೇ ಫೋನಿನಲ್ಲಿ ನಮ್ಮ ಓಣಿಯ ಯುವಕರು ಮನೆಯಲ್ಲಿ ಕೂತು ಎಲ್ಲೆಲ್ಲಿಯದೋ ವಿಡಿಯೋ ನೋಡಿದ್ದರು. ಭೂಮಿಗೆ ಬರೀ ಆರು ಸಾವಿರ ವರ್ಷ, ಕೋಟಿ ವರ್ಷ ಎನ್ನುವವರು ದೇವರ ವಿರೋಧಿಗಳು ಎಂದು ಅದರಲ್ಲಿ ಹೇಳಿದ್ದರಂತೆ. ಒಂದು ಭಾನುವಾರ ಪ್ರಾರ್ಥನೆ ಮುಗಿಯುವಾಗ ಅವರಲ್ಲೊಬ್ಬ ಎಲ್ಲರಿಗೂ ಕೇಳುವ ಹಾಗೆ ಅಂದ: "ಕಾಕಾ, ಸಿಟ್ಟಾಗಬ್ಯಾಡ್ರಿ. ಮಗಳು ಕೋಟಿ ವರ್ಷ ಅಂತ ಅಲ್ಲಿ ಕಲಿಸ್ತಾಳ, ನೀವು ಇಲ್ಲಿ ಪೀಠದ ಮ್ಯಾಲ ನಿಂತು ಆದಿಕಾಂಡ ಹೇಳ್ತೀರಿ. ಎರಡರಾಗ ಯಾವುದು ಖರೆ?"

ಪಾಸ್ಟರ್ ಮೆತ್ತಗಿನ ಮನುಷ್ಯ. ಮುಂದೆ ಬೀಗ ತೆಗೆದಾಗ ಸಭೆಯ ಮುಂದೆ ಉತ್ತರ ಕೊಡಿ, ಅಲ್ಲಿಯವರೆಗೆ ಪ್ರಸಂಗ ಬೇಡ ಎಂದು ಅಪ್ಪನಿಗೆ ಹೇಳಿದರು. ಮರುದಿನದಿಂದ ಅಪ್ಪ ನನಗೆ ದಿನಾ ಫೋನು ಮಾಡತೊಡಗಿದ.

"ಎಸ್ತೇರವ್ವಾ, ಖರೆ ಹೇಳು. ನಮ್ ಖಣಿ ಕಲ್ಲಿಗಿ ಎಷ್ಟ್ ವರ್ಷ?"

"ನೂರು ಕೋಟಿಗಿ ಹತ್ರ ಅಂತಾರ ಅಪ್ಪಾ. ಅದರಾಗೂ ಜಗಳ ಅದ."

"ಯಾರ್ ಯಾರಿಗಿ ಜಗಳ?"

"ನಮ್ ನಮ್ಮಾಗಾ. ಸ್ವಲ್ಪ ಹೆಚ್ಚೋ ಕಡಿಮೆಯೋ ಅಂತ."

"ಆರು ಸಾವಿರ ಅನ್ನೋರು ಯಾರೂ ಇಲ್ಲೇನು?"

"ಇಲ್ಲಪ್ಪಾ."

"ಒಂದು ಪದರ ಕೂಡಾಕ ಎಷ್ಟ್ ದಿನ?"

ನಾಲ್ಕು ಬೆರಳು ದಪ್ಪದ ಪದರಿಗೆ ಸಾವಿರಾರು ವರ್ಷ ಹಿಡಿದಿರಬಹುದು ಎಂದೆ. ಆ ಕಡೆಯಿಂದ ನಗು ಕೇಳಿತು. "ನಾ ಒಂದು ದಿನಕ್ಕ ಹತ್ತು ಪದರ ಎಬ್ಬಿಸೀನಿ. ದೇವರು ಭಾಳ ಸಾವಕಾಶ ಕೆಲಸಗಾರ ಇದ್ದಾನ ಬಿಡು. ನಮ್ ಠೇಕೇದಾರನ ಕೈಯಾಗ ಸಿಕ್ಕಿದ್ರ ಒಂದೇ ದಿನಕ್ಕ ಮನಿಗಿ ಕಳಸ್ತಿದ್ದ."

ಹೀಗೆ ಒಂದು ತಿಂಗಳು ನಡೆಯಿತು. ನಾನು ದೊಡ್ಡ ಓದು ಓದಿದವಳು, ನಂಬುವವಳೂ ಹೌದು. ಆದರೆ ಈ ಎರಡನ್ನೂ ಎರಡು ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಬದುಕಿದ್ದೆ. ಭಾನುವಾರ ಒಂದು ತೆಗೆಯುವುದು, ಸೋಮವಾರ ಇನ್ನೊಂದು. ಅಪ್ಪನಿಗೆ ಅದು ಆಗುತ್ತಿರಲಿಲ್ಲ. "ಪುಸ್ತಕಾನೂ ಅವಂದು, ಕಲ್ಲೂ ಅವಂದು. ಒಂದಾ ಕೈ ಬರದದ್ದು. ಒಂದರಾಗ ಒಂದು ಸುಳ್ಳು ಯಾಕ ಬರೀತಾನ?" ಎಂದು ಕೇಳುತ್ತಿದ್ದ. ಕನ್ನಡಕ ಹಾಕಿಕೊಂಡು ಮೊದಲನೆಯ ಅಧ್ಯಾಯವನ್ನು ಎಷ್ಟು ಸಲ ಓದಿದನೋ. ಒಂದು ದಿನ, ಸೂರ್ಯ ಬಂದದ್ದೇ ನಾಲ್ಕನೆಯ ದಿನವಾದರೆ ಮೊದಲಿನ ಮೂರು ದಿನವನ್ನು ಯಾರ ಗಡಿಯಾರದಲ್ಲಿ ಎಣಿಸಿದರು, ಅದು ನಮ್ಮ ದಿನ ಆಗಲಾರದು ಎಂದ. ಇನ್ನೊಂದು ದಿನ ಬೆಳಿಗ್ಗೆಯೇ ಫೋನು. ದನಿಯಲ್ಲಿ ಖಣಿಯಲ್ಲಿ ದೊಡ್ಡ ಫರಸಿ ಎದ್ದಾಗಿನ ಗೆಲುವು.

"ಕೇಳಿಲ್ಲಿ. ಆರು ದಿನಕ್ಕೂ ಸಂಜಿ ಆತು ಅಂತ ಬರದಾರ. ಏಳನೇ ದಿನಕ್ಕ ಬರದಿಲ್ಲ. ನೋಡಿದ್ಯಾ? ಸಂಜೀನಾ ಆಗಿಲ್ಲ. ಅಂದ್ರ ಆ ದಿನ ಇನ್ನಾ ನಡದದ. ನಾನೂ ನೀನೂ ಅದರಾಗಾ ಇದ್ದೀವಿ. ಆ ಒಂದು ದಿನ ಇಷ್ಟು ಉದ್ದ ಇದ್ರ ಉಳಿದ ಆರು ಯಾಕ ಇರಬಾರದು?"

ನಾನು ಬಾಲ್ಯದಿಂದ ಆ ಪುಟವನ್ನು ಓದುತ್ತ ಬಂದಿದ್ದೆ. ಆ ಸಂಜೆ ಇಲ್ಲದಿರುವುದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಹೌದಲ್ಲಪ್ಪಾ ಎಂದೆ. ನಿಜವಾಗಿ ಅಂದೆ. ಅಷ್ಟಕ್ಕೇ ಅವನು ನಿಲ್ಲಿಸಿದ್ದರೆ ನನಗೆ ಬರೆಯಲು ಏನೂ ಇರುತ್ತಿರಲಿಲ್ಲ.

"ಮಾತು ಅಷ್ಟಾ ಸಾಲಂಗಿಲ್ಲ, ಪುರಾವಾ ಬೇಕು ಅಂತಾರ ಹುಡುಗರು," ಎಂದ. "ನನ್ ಕಡಿ ಪುರಾವಾ ಅದ. ಗೋಡಿಗಿ ಹಚ್ಚೀನಲ್ಲ. ನೂರು ಕೋಟಿ ವರ್ಷದ ಕಲ್ಲಿನಾಗ ಮೂರನೇ ದಿನದ ಗಿಡ. ಪುಸ್ತಕದ ಮಾತೂ ಬಂತು, ನಿನ್ ಕೋಟೀನೂ ಬಂತು, ಎರಡೂ ಒಂದಾ ಫರಸಿ ಮ್ಯಾಲ. ಈಗ ನೀ ಒಂದು ಕಾಗದ ಬರೀ. ಡಾಕ್ಟರ್ ಎಸ್ತೇರ ಅಂತ ಹೆಸರು ಹಾಕಿ, ಕೆಳಗ ನಿನ್ ಯುನಿವರ್ಸಿಟಿ ಸೀಲ್ ಹೊಡದು. ಈ ಗಿಡ ಖರೇ ಗಿಡ ಅದ, ಇಷ್ಟು ವರ್ಷದ್ದು ಅದ, ಅಂತ. ಅದು ಓದಿದ ಮ್ಯಾಲ ನಾ ಪೀಠ ಹತ್ತತೀನಿ."

ನನ್ನ ಕೋಟಿ ವರ್ಷಗಳನ್ನು ಒಪ್ಪಲು ಅಪ್ಪ ಒಂದು ತಿಂಗಳು ಒದ್ದಾಡಿ, ತನ್ನ ಸಭೆಯನ್ನೂ ಪೀಠವನ್ನೂ ಪಣಕ್ಕಿಟ್ಟು, ಇಡೀ ಭಾರವನ್ನು ಒಂದು ಮ್ಯಾಂಗನೀಸಿನ ಕಲೆಯ ಮೇಲೆ ಇಳಿಸಿದ್ದ. ಹನ್ನೆರಡು ವರ್ಷದ ಹಿಂದೆ ಒಂದು ಮಾತು ಹೇಳಿದ್ದರೆ ಬೇರೆಲ್ಲೋ ಇಳಿಸುತ್ತಿದ್ದ.

ಸುಳ್ಳು ಬರೆಯಲು ನನ್ನಿಂದ ಆಗದು. ಹೆಸರಿನ ಹಿಂದಿನ ಡಾ ಎಂಬ ಆ ಒಂದು ಅಕ್ಷರಕ್ಕೆ ನಾನು ಏನೇನು ಮಾಡಿದ್ದೇನೆಂದು ನನಗೆ ಗೊತ್ತು. ನನ್ನ ಅರೆಬರೆ ಇಂಗ್ಲಿಷಿಗೆ ನಕ್ಕವರ ಮುಂದೆ ನಿಂತು ಮಾತಾಡಿದ್ದೇನೆ. ಅಳತೆ ಸರಿಬರಲಿಲ್ಲ ಎಂದು ಎರಡು ವರ್ಷದ ಕೆಲಸವನ್ನು ನಾನೇ ಕೈಯಾರೆ ಬುಟ್ಟಿಗೆ ಹಾಕಿದ್ದೇನೆ. ನಿಜ ಬರೆಯಲೂ ಆಗುತ್ತಿರಲಿಲ್ಲ. ಅದನ್ನು ಸಭೆಯಲ್ಲಿ ಓದುತ್ತಾರೆ, ಅಪ್ಪ ಅಲ್ಲಿ ಕೂತಿರುತ್ತಾನೆ.

ಪ್ರಯೋಗಾಲಯದ ಯಂತ್ರಗಳನ್ನೆಲ್ಲ ನೋಡಿಕೊಳ್ಳುತ್ತಿದ್ದ ಹರಾದಾ ಸಾನ್ ಎಂಬ ಹಿರಿಯ ಹೆಂಗಸಿಗೆ ಫೋನಿನಲ್ಲಿದ್ದ ಫೋಟೋ ತೋರಿಸಿ ಅಪ್ಪ ಕೇಳಿದ ಕಾಗದದ ವಿಷಯ ಹೇಳಿದೆ. ಅವರು ನೋಡಿದ ಕೂಡಲೇ ನಕ್ಕರು. ಇಂಥ ಕಲ್ಲು ಅವರ ಅಜ್ಜಿಯ ಮನೆಯಲ್ಲೂ ಇತ್ತಂತೆ. ಬೇಸಿಗೆಯಲ್ಲಿ ಸೂರಿಗೆ ತೂಗುಹಾಕುವ ಒಂದು ಜರೀಗಿಡದ ಹೆಸರೇ ಇಲ್ಲಿ ಆ ಕಲ್ಲಿಗೂ ಇದೆ. ಅಜ್ಜಿ ಸಾಯುವವರೆಗೂ ಅದನ್ನು ಗಿಡ ಎಂದೇ ನಂಬಿದ್ದಳಂತೆ. "ನೀವು ಹೇಳಲಿಲ್ಲವೆ?" ಎಂದು ಕೇಳಿದೆ. "ಅಜ್ಜಿ ನನ್ನಿಂದ ಸಹಿ ಕೇಳಲಿಲ್ಲ," ಎಂದರು ಹರಾದಾ ಸಾನ್. ಆಮೇಲೆ, ಕಷ್ಟ ಅಲ್ಲವೇ ಎಂದು ತಮಗೆ ತಾವೇ ಅಂದುಕೊಂಡು ಅಲಗು ಒರೆಸಲು ಹೋದರು.

ನನ್ನ ಮನೆಯಿದ್ದ ಕಟ್ಟಡದಲ್ಲೇ ಮೇಲಿನ ಮಹಡಿಯಲ್ಲಿ ಬೆಂಗಳೂರಿನ ಶ್ರೀವಿದ್ಯಾ ಇದ್ದರು. ಗಂಡ ಇಲ್ಲಿನ ಒಂದು ಕಂಪನಿಯಲ್ಲಿ ಇಂಜಿನಿಯರ್. ಮೆಟ್ಟಿಲ ಮೇಲೆ ದೂರ ದೂರ ನಿಂತು ಮಾತಾಡುವಾಗ ಅವರಿಗೂ ಹೇಳಿದೆ.

"ಅಯ್ಯೋ, ಇಷ್ಟಕ್ಕೆ ಟೆನ್ಷನ್ನಾ ಎಸ್ತರ್? ಹೌದು ಅಂತ ಬರ್ದು ಕಳ್ಸಿಬಿಡಿ. ವಯಸ್ಸಾದೋರು, ಖುಷಿಯಾಗಿರ್ಲಿ. ನಮ್ಮಲ್ಲಿ ಈ ಪ್ರಾಬ್ಲಮ್ಮೇ ಇಲ್ಲ ನೋಡಿ. ಬ್ರಹ್ಮಂಗೆ ಒಂದು ದಿನ ಅಂದ್ರೇನೇ ಕೋಟಿಗಟ್ಲೆ ವರ್ಷ. ನಮ್ಮೋರು ಮೊದ್ಲೇ ಸೇಫ್ ಸೈಡಲ್ಲಿ ಇಟ್ಬಿಟ್ಟಿದಾರೆ."

"ನಿಮ್ಮೋರು ಆ ಲೆಕ್ಕಾನ ನಮ್ಮಜ್ಜನಿಗೆ ಓದಾಕ ಕೊಟ್ಟಿದ್ರ ನಮಗೂ ಈ ಪ್ರಾಬ್ಲಂ ಇರ್ತಿರ್ಲಿಲ್ಲ ಬಿಡ್ರಿ," ಎಂದೆ. ನನ್ನ ಬಾಯಿ ಹಾಗೇ. ಶ್ರೀವಿದ್ಯಾರ ಮುಖ ಬಾಡಿತು. ಮರುದಿನ ನನ್ನ ಬಾಗಿಲ ಮುಂದೆ ಒಂದು ಡಬ್ಬಿ ಬಿಸಿಬೇಳೆಬಾತ್ ಇತ್ತು, ಮೇಲೊಂದು ಚೀಟಿ: ಊಟ ಬಿಡಬೇಡಿ.

ಅಪ್ಪ ಕೇಳುತ್ತಲೇ ಇದ್ದ. ನಾನು ಒಂದು ದಾರಿ ಹುಡುಕಿದೆ. ಜಪಾನಿನಲ್ಲಿ ಕೆಂಪು ಸೀಲಿಲ್ಲದೆ ಯಾವ ಕಾಗದವೂ ಕಾಗದವಲ್ಲ. ಮನೆಯಿಂದಲೇ ಕೆಲಸ ಎಂದು ಸರ್ಕಾರ ಹೇಳಿದ ಮೇಲೂ, ಒಂದು ಸೀಲು ಒತ್ತಲೆಂದೇ ರೈಲು ಹತ್ತಿ ಆಫೀಸಿಗೆ ಹೋಗಿಬರುತ್ತಿದ್ದವರ ಸುದ್ದಿ ಆ ವರ್ಷ ಟೀವಿಯಲ್ಲೆಲ್ಲ ಬರುತ್ತಿತ್ತು. ಅದನ್ನೇ ಹಿಡಿದೆ. "ಕಾಗದ ತಯಾರದ ಅಪ್ಪಾ. ಸೀಲ್ ಹೊಡೆಯೋರು ಆಫೀಸಿಗಿ ಬರ್ಲತ್ತಿಲ್ಲ."

"ಹೌದಾ? ಪಾಪ, ಅವರಿಗೂ ಜೀವದ ಭಯ. ಬರ್ಲಿ ಬಿಡು, ಅವಸರ ಇಲ್ಲ."

ಸೀಲು ಪ್ರತಿ ಮಂಗಳವಾರ ಬರುತ್ತಿತ್ತು. ಆಫೀಸಿನವರು ಎರಡು ತಾಸು ಕೂತು ಒತ್ತಿಕೊಟ್ಟು ಹೋಗುತ್ತಿದ್ದರು. ನಾನು ಆ ಕಿಟಕಿಯ ಮುಂದೆಯೇ ಹಾದು ನನ್ನ ಪಾಳಿಗೆ ಹೋಗುತ್ತಿದ್ದೆ. ಒಂದು ಸುಳ್ಳನ್ನು ಬರೆಯಲಾರೆ ಎಂದು ಹಟ ಹಿಡಿದವಳು ವಾರಕ್ಕೊಂದು ಸುಳ್ಳನ್ನು ಬಾಯಲ್ಲಿ ಹೇಳಿದೆ. ಮೇಜಿನ ಮೇಲೆ ಕಾಗದದ ಕರಡುಗಳು ಬೆಳೆದವು. ಒಂದರಲ್ಲಿ ಕಲ್ಲಿನ ವಯಸ್ಸು ಮಾತ್ರ ಬರೆದು ಗಿಡದ ವಿಷಯ ಬಿಟ್ಟೆ. ಇನ್ನೊಂದರಲ್ಲಿ ಗಿಡದಂತೆ ಕಾಣುವ ರಚನೆ ಎಂದು ಬರೆದೆ. ಓದಿ ನೋಡಿದರೆ ವಕೀಲರು ಬರೆದ ಹಾಗಿತ್ತು, ಹರಿದು ಹಾಕಿದೆ.

ಏಪ್ರಿಲ್ ಕೊನೆಗೆ ಕಲಬುರಗಿ ಕಡೆ ಎರಡನೆಯ ಅಲೆ ಏರಿತು. ಮೇ ಮೊದಲ ವಾರ ತಮ್ಮ ದಾನಿಯೇಲ ಫೋನು ಮಾಡಿದ. "ಅಕ್ಕಾ, ಅಪ್ಪಗ ಮೂರು ದಿನದಿಂದ ಜ್ವರ. ಉಸಿರು ಹತ್ಲತ್ತದ." ಅವ್ವ ಹೋಗಿ ಬಹಳ ವರ್ಷವಾಗಿತ್ತು. ಮನೆಯಲ್ಲಿ ಅವರಿಬ್ಬರೇ. ಎರಡು ಆಸ್ಪತ್ರೆಯಲ್ಲಿ ಜಾಗವಿಲ್ಲ, ಮೂರನೆಯದರಲ್ಲಿ ಕಾರಿಡಾರಿನಲ್ಲಿ ಮಂಚ ಸಿಕ್ಕಿತು. ಕಲ್ಲಿನ ಧೂಳು ಕುಡಿದ ಎದೆ ಅದು, ಮೊದಲೇ ಅರ್ಧ ಉಳಿದಿತ್ತು. ವೈದ್ಯರು ಎಕ್ಸ್‌ರೇ ನೋಡಿ, ಇವರೇನು ಕೆಲಸ ಮಾಡ್ತಿದ್ರು ಎಂದಷ್ಟೇ ಕೇಳಿದರಂತೆ.

ನಾನು ಹೊರಡಲು ಹವಣಿಸಿದೆ. ನೇರ ವಿಮಾನವಿರಲಿಲ್ಲ. ಸುತ್ತುಬಳಸಿ ಸಿಕ್ಕ ಒಂದು ಟಿಕೆಟ್ಟು ಎರಡು ಸಲ ರದ್ದಾಯಿತು. ಅಷ್ಟರಲ್ಲಿ ಭಾರತಕ್ಕೆ ಹೋದ ವಿದೇಶಿಯರಿಗೆ ವಾಪಸು ಪ್ರವೇಶವಿಲ್ಲ ಎಂದು ಜಪಾನು ಬಾಗಿಲು ಹಾಕಿತು, ಇಲ್ಲಿ ನೌಕರಿ ಇದ್ದವರಿಗೂ. ಹೋದರೆ ಮರಳುವಂತಿಲ್ಲ. ಹೋಗುತ್ತೇನೆ, ಆದದ್ದಾಗಲಿ ಎಂದೆ. "ಬಂದು ಏನ್ ಮಾಡ್ತಿ ಅಕ್ಕಾ?" ಎಂದ ದಾನಿಯೇಲ. ಸಿಟ್ಟಿನಲ್ಲಿ ಅಂದದ್ದಲ್ಲ. "ನನಗಾ ಬಾಗಿಲ ಹೊರಗ ನಿಲ್ಲಸ್ಯಾರ. ನಿನಗೂ ಅಲ್ಲೇ ನಿಲ್ಲಸ್ತಾರ."

ನಾನು ಅಲ್ಲಿಂದ ಮಾಡಬಹುದಾದದ್ದೆಲ್ಲ ಫೋನಿನಲ್ಲಿತ್ತು. ಆಕ್ಸಿಜನ್ ಸಿಲಿಂಡರಿನವರ ನಂಬರುಗಳನ್ನು ಒಂದಾದಮೇಲೊಂದು ಒತ್ತಿದೆ. ಹೆಚ್ಚಿನವು ಎತ್ತುತ್ತಿರಲಿಲ್ಲ, ಎತ್ತಿದವರು ಅಳುತ್ತಿದ್ದರು ಇಲ್ಲವೆ ಬಯ್ಯುತ್ತಿದ್ದರು. ಆ ವಾರ ಫುಕುವೋಕಾದಲ್ಲಿ ಮಳೆಗಾಲ ಎಂದಿಗಿಂತ ಬೇಗ ಶುರುವಾಯಿತು. ಕಿಟಕಿಯಾಚೆ ಎದುರುಮನೆಯವರು ಮಳೆಯಲ್ಲೇ ಹೂಕುಂಡಗಳನ್ನು ಸಾಲಾಗಿ ಜೋಡಿಸುತ್ತಿದ್ದರು. ಅವರ ಮೇಲೆ ಕಾರಣವಿಲ್ಲದೆ ಕೋಪ ಬಂತು.

ಆರನೆಯ ದಿನ ಮಧ್ಯಾಹ್ನ ದಾನಿಯೇಲ ವಿಡಿಯೋ ಕರೆ ಮಾಡಿದ. ಒಬ್ಬ ನರ್ಸಮ್ಮ ಕರುಣೆ ತೋರಿ ಅವನಿಗೆ ನೀಲಿ ಅಂಗಿ ತೊಡಿಸಿ ಐದು ನಿಮಿಷ ಒಳಗೆ ಬಿಟ್ಟಿದ್ದಳು. ಅಪ್ಪನ ಮುಖ ಮಾಸ್ಕಿನೊಳಗಿತ್ತು. ಕಣ್ಣು ಮಾತ್ರ ಕಂಡವು. ನನ್ನನ್ನು ಗುರುತಿಸಿದ. ಮಾತಾಡಲು ನೋಡಿದ, ಆಗಲಿಲ್ಲ. ಆಮೇಲೆ ಎಡ ಅಂಗೈಯನ್ನು ಮೇಲೆ ಮಾಡಿ, ಬಲ ಮುಷ್ಟಿಯನ್ನು ನಿಧಾನವಾಗಿ ಅದರ ಮೇಲೆ ಒತ್ತಿದ. ಒಮ್ಮೆ ಒತ್ತಿ ನನ್ನನ್ನು ನೋಡಿದ. ಮತ್ತೆ ಒತ್ತಿದ.

"ಏನ್ ಬೇಕಪ್ಪಾ? ನೀರಾ?" ಎಂದು ದಾನಿಯೇಲ ಕೇಳುತ್ತಿದ್ದ.

ನನಗೆ ಅರ್ಥವಾಗಿತ್ತು. ಅಪ್ಪ ಸೀಲು ಕೇಳುತ್ತಿದ್ದ.

"ಬಂದದ ಅಪ್ಪಾ," ಎಂದೆ. "ಸೀಲ್ ಬಂದದ. ಕಾಗದದ ಮ್ಯಾಲ ಹೊಡಸೀನಿ. ಕೆಂಪಂದು, ದೊಡ್ಡದದ."

ಅಪ್ಪ ಕಣ್ಣು ಮುಚ್ಚಿ, ಪ್ರಸಂಗದ ಕೊನೆಗೆ ಸಭೆಯನ್ನು ಹರಸುವಾಗಿನ ಹಾಗೆ, ಕೈಯನ್ನು ಹಾಸಿಗೆಯಿಂದ ಗೇಣುದ್ದ ಎತ್ತಿದ. ಅಷ್ಟರಲ್ಲಿ ಯಾರೋ ದಾನಿಯೇಲನನ್ನು ಹೊರಗೆ ಕರೆದರು. ಮರುದಿನ ಬೆಳಿಗ್ಗೆ ಅಪ್ಪ ಹೋದ. ಮಣ್ಣು ಮಾಡುವಾಗ ಹತ್ತಿರ ಬಿಡಲಿಲ್ಲ. ದೂರದ ಬೇವಿನ ಮರದ ಕೆಳಗೆ ನಿಂತು ದಾನಿಯೇಲ ಫೋನು ಹಿಡಿದಿದ್ದ. ನನಗೆ ಕಂಡದ್ದು ಬಿಸಿಲು ಮತ್ತು ನಾಲ್ಕು ಬಿಳಿ ಆಕೃತಿಗಳು.

ಜೂನಿನಲ್ಲಿ ಜ್ಞಾಪಕಾರ್ಥ ಕೂಟ, ಅದೂ ಫೋನಿನಲ್ಲೇ. ಹಿಂದಿನ ದಿನ ಪಾಸ್ಟರ್ ನನಗೆ ಫೋನು ಮಾಡಿ, ಸೀಲ್ ಬಂದ ಸುದ್ದಿಯನ್ನು ದಾನಿಯೇಲ ಹೇಳಿದ್ದಾನೆ, ಕಾಗದವನ್ನು ನೀವೇ ಓದಿ, ನಿಮ್ಮ ತಂದೆಯವರ ಉತ್ತರವೆಂದೇ ಸಭೆ ಅದನ್ನು ತಗೊಳ್ತದ ಎಂದರು. ಪ್ರಶ್ನೆ ಕೇಳಿದ ಆ ಹುಡುಗ ಬಹಳ ಅತ್ತನಂತೆ.

ಇನ್ನು ಯಾರಿಗಾಗಿ ಸುಳ್ಳು ಹೇಳುವುದು ಎಂದುಕೊಂಡೆ. ಮಧ್ಯಾಹ್ನ ಒಂದೂವರೆಗೆ ಮೇಜಿನ ಮುಂದೆ ಕೂತೆ. ಕೀರ್ತನೆ ಆಯಿತು, ಪ್ರಾರ್ಥನೆ ಆಯಿತು. ನನ್ನ ಹೆಸರು ಕರೆದರು. ಸೀಲ್ ಬಂದಿರಲಿಲ್ಲ, ನಾನೇ ಹೋಗಲಿಲ್ಲ, ಎಂದು ಶುರುಮಾಡಿದೆ. ಅಪ್ಪ ಸಂಜೆಯಾಗದ ಏಳನೆಯ ದಿನದ ಬಗ್ಗೆ ಹೇಳಿದ್ದನ್ನು ಹೇಳಿದೆ, ಅದು ನನಗಿಂತ ದೊಡ್ಡ ಓದು ಎಂದೆ. ನಮ್ಮ ಕಲ್ಲು ತೀರ ಹಳೆಯದು, ಅದು ನಿಜ. "ಆದ್ರ ಗೋಡಿ ಮ್ಯಾಲಿಂದು ಗಿಡ ಅಲ್ಲ. ನೀರು ಬಿಟ್ಟು ಹೋದ ಕಪ್ಪು ಕಲಿ. ಹನ್ನೆರಡು ವರ್ಷದಿಂದ ನನಗ ಗೊತ್ತಿತ್ತು, ಅಪ್ಪಗ ಹೇಳಲಿಲ್ಲ. ಅವ ಸುಳ್ಳು ಹೇಳಿಲ್ಲ, ನಾ ಹೇಳೀನಿ. ತಪ್ಪು ನಂದು."

ಇಪ್ಪತ್ತು ಮನೆಗಳಿಂದ ಒಂದರ ಮೇಲೊಂದು ಬಿದ್ದಂತೆ ಬಂತು: "ಸ್ತೋತ್ರ." "ಕರ್ತನಿಗೆ ಸ್ತೋತ್ರ." "ಆಮೆನ್." ಪ್ರತಿಯೊಂದು ಸಾಕ್ಷಿಯ ಕೊನೆಗೆ ಅಂದಂತೆಯೇ ಅಂದರು. ಎಂಥ ತಂದೆಗೆ ಎಂಥ ಮಗಳು ಎಂದು ಪಾಸ್ಟರ್ ದೇವರಿಗೆ ವಂದನೆ ಹೇಳಿದರು. ಮೂರನೆಯ ದಿನದ ಗಿಡವನ್ನು ನಮಗೆ ಕೊಟ್ಟುಹೋದ ನಿನ್ನ ಸೇವಕನಿಗಾಗಿ, ಎಂದು ಮುಗಿಸಿದರು. ಕೊನೆಯ ಪದ್ಯ ಹಾಡಿದರು. ಟಿಣ್ ಟಿಣ್ ಎಂದು ಒಂದೊಂದೇ ಮನೆ ಕರೆಯಿಂದ ಹೊರಗೆ ಹೋಯಿತು.

ನಾನು ಕರೆಯಲ್ಲೇ ಉಳಿದೆ. ಹೊರಗೆ ಮಳೆ ಸುರಿಯುತ್ತಲೇ ಇತ್ತು. ಸ್ವಲ್ಪ ಹೊತ್ತಿಗೆ ಫೋನಿನೊಳಗೆ ಯಾರೋ ಕೆಮ್ಮಿದರು.

"ಎಸ್ತೇರವ್ವಾ, ಅದಿ ಏನು? ಎಲ್ಲಾರೂ ಹೋದ್ರ?"

ಮಾರ್ಥವ್ವ. ದೇವಾಲಯದ ಕಸ ಹೊಡೆದು ದೀಪ ನೋಡಿಕೊಳ್ಳುವ ಮುದುಕಿ, ಅಪ್ಪನಿಗಿಂತ ದೊಡ್ಡವಳು.

"ಅದೀನಿ ದೊಡ್ಡವ್ವಾ."

"ಅದು ಗಿಡ ಅಲ್ಲಂದಿ ಅಲಾ?"

"ಅಲ್ಲ ದೊಡ್ಡವ್ವಾ."

"ಹೂಂ." ಎಂದಳು. "ಬೀಗ ಹಾಕಿದ್ರೂ ನಿಮ್ಮಪ್ಪ ಶನಿವಾರಕ್ಕೊಮ್ಮಿ ಕೀಲಿ ಇಸ್ಕೊಂಡು ಹೋಗಿ ಆ ಕಲ್ಲು ಒರಸಿ ಬರ್ತಿದ್ದ. ದವಾಖಾನಿಗಿ ಹೋಗಾಕ ಮುಂಚಿ ಕೀಲಿ ನನ್ ಕೈಯಾಗ ಕೊಟ್ಟಾನ. ಈಗ ಗಿಡ ಅಲ್ಲಂದ್ರ ನಾ ಏನ್ ಮಾಡ್ಲಿ? ಒರಸ್ಲ್ಯಾ, ಬಿಡ್ಲ್ಯಾ?"

ಇಪ್ಪತ್ತು ಮನೆಯಲ್ಲಿ ನನ್ನ ಮಾತು ಕೇಳಿಸಿಕೊಂಡದ್ದು ಇವಳೊಬ್ಬಳು.

"ಒರಸು ದೊಡ್ಡವ್ವಾ," ಎಂದೆ. "ಒಣ ಅರಬಿಲೆ ಒರಸು. ನೀರು ಹಚ್ಚಬ್ಯಾಡ."

"ಆತು."

ಅವಳು ಏನೋ ಹಸನು ಮಾಡುತ್ತಿದ್ದಳು, ಮೊರದಲ್ಲಿ ಕಾಳು ಹಾರಿ ಬೀಳುವ ಸದ್ದು ಕೇಳುತ್ತಿತ್ತು. ಕರೆ ಮುಗಿಸುವುದು ಹೇಗೆಂದು ಮಾರ್ಥವ್ವನಿಗೆ ಗೊತ್ತಿರಲಿಲ್ಲ. ನಾನು ಮುಗಿಸಲಿಲ್ಲ.